ಫೋಟೋಕ್ಕೆ ಬಂದ ಸಬ್ಸಿಡಿ ಪೈಪುಗಳು

'ಇಲ್ಲ' ಎನ್ನುವುದಕ್ಕೂ ಎದೆಗಾರಿಕೆ ಬೇಕು, ಸ್ವಾಮಿ. ನನಗದು ಹುಟ್ಟಿನಿಂದಲೇ ಬಂದಿಲ್ಲ. ಮದುವೆ ಮಾತುಕತೆಯಲ್ಲಿ ಮಾವನವರೇ, "ನಮ್ಮ ಹುಡುಗಿಗೆ ಬಾಯಿ ಸ್ವಲ್ಪ ಜಾಸ್ತಿ, ನಡೀತದಾ?" ಎಂದು ಕೇಳಿದಾಗ "ಅದಕ್ಕೇನಂತೆ" ಎಂದುಬಿಟ್ಟವನು ನಾನು. ಅವರು ಸುಳ್ಳು ಹೇಳಿರಲಿಲ್ಲ.

ನ್ಯಾಮತಿ ಕಡೆಯ ನಮ್ಮೂರಿನಲ್ಲಿ ಸರ್ಕಾರದ ಸಹಾಯಧನದ ಸ್ಪ್ರಿಂಕ್ಲರ್ ಪೈಪು ತಂದವರಲ್ಲಿ ನಾನೇ ಮೊದಲಿಗ. ಪೈಪಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದೆ. ಕಾಯಿಚೂರು ತಿನ್ನಲು ಬಂದವರು ಬಾಯಿ ಒರೆಸಿಕೊಂಡು ಪೈಪನ್ನೂ ಕೇಳಿದರು. ಪಕ್ಕದ ಹೊಲದ ಚಂದ್ರಣ್ಣ ಶೇಂಗಾಕ್ಕೆ ಒಯ್ದ. ಎದುರುಮನೆ ಹಾಲಮ್ಮ, "ನಿನ್ನ ಹೊಟ್ಟೆ ತಣ್ಣಗಿರಲಿ ತಮ್ಮಾ, ಬಟ್ಟೆ ಒಣಗಾಕಾಕೆ ಒಂದು ಕೊಡು" ಎಂದು ಅಂಗಳಕ್ಕೆ ಗಳ ಮಾಡಿಕೊಂಡಳು. ನನ್ನ ಹೆಂಡತಿ ರತ್ನ ಮಾತ್ರ, "ಊರಿಗೆಲ್ಲ ನೀರು ಕುಡಿಸ್ರಿ. ನಮ್ಮ ಮೆಕ್ಕೆಜೋಳ ಬಾಯಿ ಬಿಟ್ಕೊಂಡು ಕೂತೈತೆ" ಎನ್ನುತ್ತಿದ್ದಳು. ನಾನೋ, ದಾನಶೂರ ಕರ್ಣನ ಗತ್ತಿನಲ್ಲಿ ಮೀಸೆ ತಿರುವುತ್ತಿದ್ದೆ.

ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಫೋನು ಬಂತು. ಕೃಷಿ ಇಲಾಖೆಯ ಸಾಹೇಬರು. "ಈಗ ನಿಮ್ಮೂರಿಗೇ ಬರ್ತಿದ್ದೀನಿ. ಹೊಲದಲ್ಲಿ ಪೈಪು ಜೋಡಿಸಿ, ನೀರು ಹಾರಿಸಿ, ಪಕ್ಕದಲ್ಲಿ ನಿಂತಿರಿ. ಜಿಪಿಎಸ್ ಫೋಟೋ ಆಗಲಿಲ್ಲ ಅಂದ್ರೆ ಸಬ್ಸಿಡಿ ರದ್ದು, ಪೈಪು ವಾಪಸ್." ಉಪ್ಪಿಟ್ಟಿನ ತಟ್ಟೆ ಬಿಟ್ಟು ಎದ್ದೆ. ಹೊಲದಲ್ಲಿ ನನ್ನದೆಂದು ಹೇಳಿಕೊಳ್ಳಲು ಒಂದು ಪೈಪೂ ಇರಲಿಲ್ಲ!

ಚಂದ್ರಣ್ಣನಿಗೆ ಫೋನು ಮಾಡಿದೆ. "ಗಾಬರಿ ಯಾಕಣ್ಣ? ಎಲ್ಲರಿಗೂ ನಾನು ಹೇಳ್ತೀನಿ, ನೀನು ಹೊಲಕ್ಕೆ ನಡಿ" ಎಂದ. ನಾನು ಹೋಗುವಷ್ಟರಲ್ಲಿ ಪೈಪುಗಳು ಬೈಕಿನ ಮೇಲೆ, ಹೆಗಲ ಮೇಲೆ, ಗಾಡಿಯಲ್ಲಿ ದಿಬ್ಬಣ ಹೊರಟಿದ್ದವು. ಎಲ್ಲರಿಗಿಂತ ಹಿಂದೆ ಹಾಲಮ್ಮ ಗಳ ಹೊತ್ತು ಓಡಿ ಬಂದಳು. ಅವಸರಕ್ಕೆ ಅದರ ಮೇಲಿನ ಹಸಿ ಸೀರೆಯನ್ನೂ ತೆಗೆದಿರಲಿಲ್ಲ. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಪೈಪು ಜೋಡಿಸಿ ಮೋಟಾರು ಒತ್ತಿದೆ. ಗುಂಯ್ ಎಂದು ಸುಮ್ಮನಾಯಿತು. ಸಾಹೇಬರ ಜೀಪು ಬದುವಿಗೆ ಬಂದೇಬಿಟ್ಟಿತ್ತು. "ನಮ್ಮ ಬೋರಿನ ನೀರು ತಿರುಗಿಸ್ತೀನಿ ತಡಿ" ಎಂದು ಚಂದ್ರಣ್ಣ ಓಡಿದ. ಫಟ್ಟನೆ ನೀರು ಚಿಮ್ಮಿತು.

ಸಾಹೇಬರು ಫೋನು ಎತ್ತಿದರು. ಎದುರಿಗೆ ಅರ್ಧ ಊರೇ ತಲೆ ಬಾಚಿಕೊಂಡು ನಿಂತಿತ್ತು. "ಇದರಲ್ಲಿ ಫಲಾನುಭವಿ ಯಾರ್ರೀ?"

ರತ್ನ ಮುಂದೆ ಬಂದಳು. "ಎಲ್ಲರೂನೂ ಸಾರ್. ಅರ್ಜಿ ಹಾಕಿದ್ದು ಮಾತ್ರ ನಮ್ಮನೆಯವರು." ಸಾಹೇಬರು ನಕ್ಕು, ಉಳಿದವರನ್ನು ಪಕ್ಕಕ್ಕೆ ಸರಿಸಿ ಫೋಟೋ ಹೊಡೆದುಕೊಂಡರು. ಸಬ್ಸಿಡಿಯೂ ಉಳಿಯಿತು. ಸರ್ಕಾರಕ್ಕೆ ಒಂದು ಕೈ ಮುಗಿದೆ, ಊರಿಗೆ ಎರಡು.

ಆ ಫೋಟೋ ನನ್ನ ಫೋನಿಗೂ ಬಂದಿತ್ತು. ಸಂಜೆ ರತ್ನ ಅದನ್ನೇ ನೋಡುತ್ತ ಕೇಳಿದಳು: "ಪೈಪು ಸರ್ಕಾರದ್ದು, ನೀರು ಚಂದ್ರಣ್ಣಂದು, ಹಿಂದೆ ಬೇಲಿ ಮೇಲೆ ಕಾಣಾ ಸೀರೆ ಹಾಲಮ್ಮಂದು. ದಾನಶೂರರೇ, ಇದರಾಗೆ ನಿಮ್ದೇನೈತೆ?"

"ಮುಖ" ಎಂದೆ ಗತ್ತಿನಿಂದ.

ಫೋನನ್ನು ನನ್ನ ಕಡೆ ತಿರುಗಿಸಿದಳು. ಚಂದ್ರಣ್ಣನ ನೀರು ಸರಿಯಾಗಿ ಮುಖಕ್ಕೇ ಬಡಿದು, ಮೀಸೆಯ ಒಂದು ತುದಿ ಮಾತ್ರ ಕಾಣುತ್ತಿತ್ತು.