ನನ್ನ ಕಣ್ಣೂ ಮಾವನ ಕೊಬ್ಬರಿಯೂ

ನನಗೆ ಸಿಟ್ಟು ಬರುವುದು ಕಣ್ಣು ಚೆನ್ನಾಗಿರುವವರ ಮೇಲೆ. ದಪ್ಪ ಕನ್ನಡಕದವನನ್ನು ಕಂಡರೆ ಸಾಕು, ಅವರ ಕೈ ತುರಿಸುತ್ತದೆ. "ಕೊಡಿ ನೋಡೋಣ" ಎಂದು ಮೂಗಿನ ಮೇಲಿಂದಲೇ ಕಿತ್ತುಕೊಂಡು, ತಾವು ಹಾಕಿಕೊಂಡು, "ಅಯ್ಯಪ್ಪಾ, ತಲೆ ಗಿರ್ ಅಂತು!" ಎಂದು ನಗುತ್ತಾರೆ. ಆಮೇಲೆ ಬೆರಳೆತ್ತಿ "ಇದು ಎಷ್ಟು ಹೇಳಿ" ಎನ್ನುತ್ತಾರೆ. ನನ್ನದು ಮೈನಸ್ ಹದಿನಾಲ್ಕು. ಕನ್ನಡಕವಿಲ್ಲದೆ ಬೆರಳಿರಲಿ, ಬೆರಳಿನ ಒಡೆಯನೇ ಕಾಣುವುದಿಲ್ಲ. ತುರುವೇಕೆರೆಯ ಕಚೇರಿಯಲ್ಲಿ ಗುಮಾಸ್ತನಾದಂದಿನಿಂದ ಈ ಪರೀಕ್ಷೆಗೆ ಕೂರುತ್ತಲೇ ಇದ್ದೇನೆ, ಒಮ್ಮೆಯೂ ಪಾಸಾಗಿಲ್ಲ.

ಒಮ್ಮೆ ಬೆಂಗಳೂರಿನ ಡಾಕ್ಟರೊಬ್ಬರು ಕಣ್ಣಿಗೆ ಹನಿ ಬಿಟ್ಟು, ಬೆಳಕು ಹಾಯಿಸಿ ನೋಡಿ, "ನಿಮ್ಮಂಥ ಕಣ್ಣಲ್ಲಿ ಹಿಂದಿನ ಪರೆ ತೆಳ್ಳಗಾಗಿರುತ್ತೆ. ಅದು ಬಿಟ್ಟುಕೊಂಡರೆ ದೃಷ್ಟಿ ಹೋಗುತ್ತೆ. ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆ ಹಾರಾಡಿದರೆ, ಅವತ್ತೇ ಬನ್ನಿ" ಎಂದರು. ನಿಜವಾಗಿ ಹೆದರಿದ್ದೆ.

ಆ ಹೆದರಿಕೆಯನ್ನು ದಂಡಿನಶಿವರದ ಮಾವನವರ ಮುಂದೆ ಹೇಳಿಕೊಂಡದ್ದು ನನ್ನ ತಪ್ಪು. ಮಾವ ಹುಟ್ಟಾ ಕೊಬ್ಬರಿಯವರು. ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ನೀರು ಬತ್ತಿ ಕೊಬ್ಬರಿ ಚಿಪ್ಪಿನಿಂದ ಬಿಡುವುದನ್ನೇ ಕಾಯುವ ಜನ. ಅವರ ಪಾಲಿಗೆ 'ಬಿಟ್ಟುಕೊಂಡಿತು' ಎನ್ನುವುದು ಮಂಗಳದ ಮಾತು. "ಬುಟ್ಕಂಡ್ರೆ ಒಳ್ಳೇದೇ ಕಣ್ರೀ ಅಳಿಯಂದ್ರೆ, ಬುಡದೇ ಇದ್ರೆ ತಾನೆ ತೊಂದ್ರೆ!" ಎಂದರು. ಸಾಲದ್ದಕ್ಕೆ ಅಟ್ಟದಿಂದ ಒಂದು ಕಾಯಿ ಇಳಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. "ಗಡಗಡ ಅಂತೈತಲ್ಲ, ಹಿಂಗಾಗ್ಬೇಕು." "ಮಾವ, ಇದು ಕಣ್ಣು, ಕಾಯಲ್ಲ!" ಎಂದು ಕೂಗಿಕೊಂಡೆ. "ಗೊತ್ತು ಬುಡಿ, ಯಾಕಿಂಗ್ ರೇಗ್ತೀರಿ" ಎಂದು ಇನ್ನೊಮ್ಮೆ ಅಲ್ಲಾಡಿಸಿದರು. ಸಂಜೆಯ ಹೊತ್ತಿಗೆ ಅಳಿಯಂದಿರ ಕಣ್ಣು ಹದಕ್ಕೆ ಬಂದಿದೆಯೆಂದು ಊರೆಲ್ಲ ಸುದ್ದಿ. ಎದುರುಮನೆಯ ಯಜಮಾನರು ಬಂದು ಸಂತೋಷವನ್ನೇ ವ್ಯಕ್ತಪಡಿಸಿದರು! ನನಗೆ ಮೈಯೆಲ್ಲ ಉರಿದುಹೋಯಿತು.

ಇದಾಗಿ ಎರಡು ತಿಂಗಳಿಗೆ ನಮ್ಮ ಮನೆಯಲ್ಲಿ ನೊಣದ ಕಾಟ ಶುರುವಾಯಿತು. ಊಟಕ್ಕೆ ಕೂತರೆ ನೊಣ, ಪೇಪರ್ ಹಿಡಿದರೆ ನೊಣ, ಅದೂ ಬಲಗಡೆಯೇ. ಹೆಂಡತಿ ಗಿರಿಜೆಯ ಮೇಲೆ ಹರಿಹಾಯ್ದೆ. "ಇದು ಮನೆಯೋ ಕೊಟ್ಟಿಗೆಯೋ?" ಪಾಪ, ಅವಳು ಗುಡಿಸಿದಳು, ಸಾರಿಸಿದಳು, ಬೇವಿನ ಸೊಪ್ಪಿನ ಹೊಗೆ ಹಾಕಿದಳು. ನೊಣ ಕದಲಲಿಲ್ಲ, ನನ್ನ ಬೈಗುಳವೂ ನಿಲ್ಲಲಿಲ್ಲ. ಮೂರನೆಯ ದಿನ ನಾನು ರೇಗುತ್ತಿರುವಾಗಲೇ ಅವಳು ಎದುರು ನಿಂತು ನನ್ನ ಕನ್ನಡಕ ತೆಗೆದಳು. "ಈಗ ನಾನು ಕಾಣ್ತೀನೇನ್ರೀ?" "ಇಲ್ಲ." "ಗೋಡೆ ಮೇಲಿನ ಗಡಿಯಾರ?" "ಇಲ್ಲ." "ನೊಣ?"

ನೊಣ ಸ್ಪಷ್ಟವಾಗಿ ಕಾಣುತ್ತಿತ್ತು. "ಏಳ್ರೀ, ಬಸ್ಸಿಗೆ ಹೊತ್ತಾಯ್ತು" ಎಂದು ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಆಪರೇಷನ್ ಆಯಿತು. ಬಲಗಣ್ಣಿನಲ್ಲಿ ಅರ್ಧ ದೃಷ್ಟಿ ಉಳಿಯಿತು. ಮೊದಲ ದಿನವೇ ಬಂದಿದ್ದರೆ ಪೂರ್ತಿ ಉಳಿಯುತ್ತಿತ್ತೇನೋ. ಡಾಕ್ಟರು ಸಿಡುಕಿದರು. "ಅಷ್ಟು ಒತ್ತಿ ಹೇಳಿದ್ದೆನಲ್ಲ. ಮೂರು ದಿನ ಏನು ಮಾಡ್ತಿದ್ದಿರಿ?" ಗಿರಿಜೆಯೇ ತಲೆ ತಗ್ಗಿಸಿ, "ಮನೆ ಗುಡಿಸ್ತಿದ್ವಿ ಸಾರ್" ಎಂದಳು.

ಆ ಮೂರು ದಿನ ನಾನು ಪೊರಕೆ ಮುಟ್ಟಿರಲಿಲ್ಲ.