ಡಿಸ್ಕ್ ನೇಗಿಲಿನ ಅಪ್ರದಕ್ಷಿಣೆ

ಗೊತ್ತಿಲ್ಲದ ಕೆಲಸವನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗುಣ ಮೂವತ್ತು ವರ್ಷ ಪಾಠ ಹೇಳಿದವರಿಗೆ ಬರುವುದಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು. ನಿವೃತ್ತಿಯಾದ ಮೇಲೆ ನನಗೆ ಹಳೆಯ ಟ್ರ್ಯಾಕ್ಟರಿನ ಹುಚ್ಚು ಹಿಡಿಯಿತು. ನನಗಿಂತ ಎರಡೇ ವರ್ಷ ಚಿಕ್ಕದಾದ ಒಂದನ್ನು ಗುಜರಿಯಿಂದ ತಂದು, ಬಣ್ಣ ಹೊಡೆಸಿ, ಹಿಂದಕ್ಕೊಂದು ಡಿಸ್ಕ್ ನೇಗಿಲನ್ನೂ ಕಟ್ಟಿಸಿದೆ. ಪರಾತದಂಥ ಎರಡು ಕಬ್ಬಿಣದ ತಟ್ಟೆಗಳು ಓರೆಯಾಗಿ ಉರುಳುತ್ತಾ ಮಣ್ಣನ್ನು ಕತ್ತರಿಸಿ ಬಲಕ್ಕೆ ಎಸೆಯುತ್ತವೆ. ನೋಡುತ್ತಾ ಕೂತರೆ ನನಗೆ ಊಟವೂ ಬೇಡ.

ಯಲಹಂಕದ ಆಚೆ, ಅಪಾರ್ಟ್‌ಮೆಂಟುಗಳ ನಡುವೆ, ನನ್ನ ಹೆಂಡತಿ ಸರೋಜಳಿಗೆ ತವರಿನಿಂದ ಬಂದ ಅರ್ಧ ಎಕರೆ ಹೊಲವಿದೆ. ಅಲ್ಲಿ ಒಂದು ಸಲವಾದರೂ ತಾನೇ ನಿಂತು ರಾಗಿ ಬೆಳೆಯಬೇಕೆಂಬುದು ಅವಳ ಬಹುದಿನದ ಆಸೆ. ಹೋದ ವರ್ಷ, ಉಳುವುದಕ್ಕೆ ಊರಿನ ನಯಾಜ್ ಭಾಯಿಯನ್ನು ಕರೆಯೋಣ ಎಂದಳು. ನಾನಿರುವಾಗ ಇನ್ನೊಬ್ಬರೇಕೆ ಎಂದು ನಾನೇ ಹತ್ತಿ ಕೂತೆ.

ನನ್ನ ಟ್ರ್ಯಾಕ್ಟರಿನ ಸ್ಟಿಯರಿಂಗ್ ಎಡಕ್ಕೆ ಸಲೀಸಾಗಿ ತಿರುಗುತ್ತದೆ, ಬಲಕ್ಕೆಂದರೆ ಹಟ. ಹಾಗಾಗಿ ಅಂಚಿನಿಂದ ಶುರುಮಾಡಿ ಎಡಕ್ಕೇ ಸುತ್ತುತ್ತಾ ನಡುವಿಗೆ ಬಂದೆ. ಬದುವಿನ ಮೇಲೆ ನಿಂತಿದ್ದ ಸರೋಜ, "ಏನ್ರೀ ಇದು, ಅಪ್ರದಕ್ಷಿಣೆ ಹಾಕ್ತಿದೀರಲ್ಲ? ದೇವಸ್ಥಾನದಲ್ಲಿ ಬರೋ ಹಾಗೆ ಬಲಕ್ಕೆ ಸುತ್ತಿ" ಎಂದಳು. "ಮಣ್ಣಿಗೆ ಶಾಸ್ತ್ರ ಗೊತ್ತಿಲ್ಲ ಕಣೇ, ಇದು ವಿಜ್ಞಾನ" ಎಂದು ನಕ್ಕೆ. ಹದ ಸಾಲದೆಂದು ಮೂರು ಸಲ ಉತ್ತೆ, ಮೂರೂ ಸಲ ಎಡಕ್ಕೇ. ಎಡಕ್ಕೆ ಸುತ್ತುವವನ ಬಲಗಡೆ ಇರುವುದು ಹೊಲದ ಅಂಚು ಎಂಬುದು ಭೌತಶಾಸ್ತ್ರದ ಮೇಷ್ಟರಿಗೆ ಹೊಳೆಯಲಿಲ್ಲ. ಮಣ್ಣೆಲ್ಲ ಬದುವಿಗೆ ಹೋಗಿ ಸೇರಿ ನಡುವೆ ಹಳ್ಳವಾಯಿತು. ಬಿತ್ತಿದ ವಾರವೇ ಮಳೆ ಬಿದ್ದು, ನೀರು ನಿಂತು, ರಾಗಿಯೆಲ್ಲ ಕೊಳೆಯಿತು. ವಾಕಿಂಗ್ ಬಂದ ಅಪಾರ್ಟ್‌ಮೆಂಟಿನವರು, "ಬಾತುಕೋಳಿ ಬಿಡಿ ಸಾರ್, ಚೆನ್ನಾಗಿರತ್ತೆ" ಎಂದರು. ನಯಾಜ್ ಭಾಯಿ ನೋಡಿ, "ಅಮ್ಮೋರು ಹೇಳ್ದಂಗೆ ಸುತ್ತಿದ್ರೆ ಮಣ್ಣು ಒಳಕ್ಕೇ ಬೀಳ್ತಿತ್ತಲ್ಲ ಸಾರ್" ಎಂದರು. ಸರೋಜ ಮಾತ್ರ ಮಿಕ್ಕ ಬಿತ್ತನೆ ರಾಗಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಒಳಗಿಟ್ಟಳು. ಬೈದಿದ್ದರೆ ವಾಸಿಯಿತ್ತು, ನನಗೆ ನಿಜಕ್ಕೂ ನಾಚಿಕೆಯಾಯಿತು.

ಈ ವರ್ಷ ಉಳುವ ದಿನ ಅವಳು ನನ್ನನ್ನು ಕೆಂಪಾಪುರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಕಳಿಸಿದಳು. "ತುಂಬ ಬೇಕಾದವರು ಕಣ್ರೀ, ನೀವು ಹೋಗ್ಲೇಬೇಕು." ಹೋದರೆ ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಹೊಲದಲ್ಲಿ ಆಗ ಯಾರಿರಬಹುದೆಂದು ಊಹಿಸಲು ವಿಜ್ಞಾನವೇನೂ ಬೇಕಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ! ಪಕ್ಕದ ಎಲೆಯವರಿಗೆ ಡಿಸ್ಕ್ ನೇಗಿಲಿನ ಪಾಠ ಶುರುಮಾಡಿದೆ. ಮಣ್ಣು ಯಾವ ಕಡೆ ಬೀಳಬೇಕೆಂದು ಅನ್ನವನ್ನೇ ಬದು ಮಾಡಿ ತೋರಿಸಿದೆ. ಅವರು ಭಕ್ತಿಯಿಂದ ಎಲ್ಲವನ್ನೂ ಕೇಳಿ, "ಹಾಗಾದ್ರೆ ನಿಮ್ ಹೊಲ ನೀವೇ ಉಳೋದಾ ಸಾರ್?" ಎಂದರು.

ನಾನು ಪಾಯಸ ಬಡಿಸುವವರನ್ನು ಜೋರಾಗಿ ಕೂಗಿದೆ.