ದ್ವೀಪಕ್ಕೆ ಸುಣ್ಣ ಬಳಿದದ್ದು

ನನಗೊಂದು ಚಟವಿದೆ. ಹೊಸದೇನಾದರೂ ಕಂಡರೆ ಹತ್ತು ಜನಕ್ಕೆ ತೋರಿಸದ ಹೊರತು ಉಂಡ ಅನ್ನ ಅರಗುವುದಿಲ್ಲ. ಮೊದಲ ಮಗು ಹುಟ್ಟಿದಾಗ ಓಣಿಯವರನ್ನೆಲ್ಲ ತೊಟ್ಟಿಲ ಮುಂದೆ ಸಾಲಾಗಿ ನಿಲ್ಲಿಸಿ, ಹೆಂಡತಿಯಿಂದ ಛೀಮಾರಿ ಹಾಕಿಸಿಕೊಂಡವನು ನಾನು. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಪ್ರವಾಸೋದ್ಯಮ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಈ ಚಟ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿನವರೆಗೂ ಹಬ್ಬಿತು.

ಅಲ್ಲಿ ಹಿನ್ನೀರಿನ ದಂಡೆಯಲ್ಲಿ ಹೊಲ, ಕುರಿ ಎರಡೂ ಇದ್ದ ಈರಣ್ಣನೆಂಬವನು ಒಂದು ದಿನ ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ನಡುನೀರಿನ ಪುಟ್ಟ ದ್ವೀಪಕ್ಕೆ ಕರೆದೊಯ್ದ. ಅಬ್ಬಾ! ಬಂಡೆಗಳ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆಗಳು, ಜಾಲಿಮರದ ತುಂಬ ಬೆಳ್ಳಕ್ಕಿ, ಸೌಟಿನಂಥ ಕೊಕ್ಕಿನ ಕೊಕ್ಕರೆ, ಮಿಂಚುಳ್ಳಿ! ಬಸ್ ಟಿಕೆಟ್ಟಿನ ಹಿಂದೆ ಬರೆಯುತ್ತ ಹೋದೆ. ಟಿಕೆಟ್ಟು ಮುಗಿಯಿತು, ಹಕ್ಕಿ ಮುಗಿಯಲಿಲ್ಲ. ಖುಷಿಗೆ ಕುಣಿಯುವುದೊಂದು ಬಾಕಿ, ಅದೂ ತೆಪ್ಪ ಮಗುಚೀತೆಂಬ ಭಯಕ್ಕೆ.

"ಇದನ್ನ ನೋಡಾಕೂ ಜನ ಬತ್ತಾರಾ ಸ್ವಾಮಿ?" ಎಂದ ಈರಣ್ಣ.

"ದೇಶದೇಶದಿಂದ ಬರ್ತಾರೆ ಕಣಪ್ಪ! ದೋಣಿ ನಡೆಸೋನು ನೀನೇ!"

ನಾನು ಬರೆದ ವರದಿ ಓದಿ ನಮ್ಮ ಕಚೇರಿಯ ಸಾಹೇಬರು ಭಾನುವಾರ ಖುದ್ದಾಗಿ ಬರುತ್ತೇನೆಂದರು. ಅವರು ಒಪ್ಪಿದರೆ ದೋಣಿ ಮಂಜೂರು, ಈರಣ್ಣನಿಗೆ ನೌಕರಿ.

ಸಾಹೇಬರು ಬರುವ ಜಾಗವನ್ನು ಇದ್ದ ಹಾಗೇ ಬಿಡುವುದುಂಟೇ? ನಮ್ಮ ಕಚೇರಿಯ ಪದ್ಧತಿ ಗೊತ್ತಲ್ಲ. ಶನಿವಾರವೇ ಇಬ್ಬರು ಜವಾನರೊಂದಿಗೆ ದ್ವೀಪಕ್ಕಿಳಿದೆ. ಹಕ್ಕಿಗಳು ಅಡ್ಡಾದಿಡ್ಡಿ ಬೆಳ್ಳಗೆ ಮಾಡಿಟ್ಟಿದ್ದ ಬಂಡೆಗಳಿಗೆ ನಾವು ಅಚ್ಚುಕಟ್ಟಾಗಿ ಸುಣ್ಣ ಬಳಿದೆವು. ಜಾಲಿಯಿಂದ ಜಾಲಿಗೆ ಬಣ್ಣದ ಕಾಗದದ ತೋರಣ, ನಡುವೆ 'ಸುಸ್ವಾಗತ'. ತಮಟೆಯವರನ್ನೂ ಗೊತ್ತು ಮಾಡಿದೆ.

"ಸಾಹೇಬ್ರು ನೋಡಾಕೆ ಬರೋದು ಹಕ್ಕಿನಲ್ವಾ?" ಎಂದು ಈರಣ್ಣ ಮೆಲ್ಲಗೆ ಕೇಳಿದ.

"ನಿನಗೆ ಇದೆಲ್ಲ ತಿಳಿಯಲ್ಲ, ಸುಮ್ಮನಿರಪ್ಪ" ಎಂದೆ.

ಭಾನುವಾರ ಗಾಳಿಗೆ ತೋರಣ ಪಟಪಟ, ತಮಟೆ ಡಂಡಂ. ಹಕ್ಕಿ ಮಾತ್ರ ಒಂದೂ ಇಲ್ಲ. ಸಾಹೇಬರು ವರದಿ ಹಿಡಿದು ದ್ವೀಪವನ್ನು ಎರಡು ಸುತ್ತು ಹಾಕಿದರು. ಕೊನೆಗೆ ಉಪ್ಪಿಟ್ಟಿನ ಪಾತ್ರೆಯ ಹತ್ತಿರ ಒಂದು ಬಂದು ಕೂತಿತು.

"ಅದು ಕಾಗೆ, ಸಾರ್" ಎಂದೆ.

"ನನಗೂ ಗೊತ್ತು ಕಣ್ರೀ" ಎಂದವರೇ ತೆಪ್ಪ ಹತ್ತಿದರು. ದೋಣಿಯೂ ಹೋಯಿತು, ನೌಕರಿಯೂ ಹೋಯಿತು. ಈರಣ್ಣನ ಮುಖ ನೋಡಲಾಗದೆ ನಾನು ನೀರು ನೋಡುತ್ತ ಕೂತೆ.

ದಂಡೆ ಹತ್ತಿದ ಮೇಲೆ ಅವನೇ ಬಾಯಿಬಿಟ್ಟ. "ಹೋಗ್ಲಿ ಬಿಡ್ರಿ ಸ್ವಾಮಿ. ಸಜ್ಜೆ ತೆನೆ ಕಟ್ಟಿದಾಗ ಹಕ್ಕಿ ಕಾಟ ಭಾಳ ಇರ್ತೈತೆ. ಆ ತೋರಣ ತಗಂಡು ನಮ್ಮ ಹೊಲಕ್ಕೂ ಒಂದ್ಸಲ ಬರ್ರಿ."

ಪ್ರಾಯಶ್ಚಿತ್ತಕ್ಕೆಂದು ಹೋದೆ. ತೋರಣ ಬೇಕಾಗಲಿಲ್ಲ, ನಾನು ಬದುವಿನ ಮೇಲೆ ನಿಂತದ್ದೇ ಸಾಕು, ಒಂದು ಗುಬ್ಬಿಯೂ ಸುಳಿಯಲಿಲ್ಲ. ಸಂಜೆ ಈರಣ್ಣ ಹತ್ತಿರ ಬಂದು, "ಮಳೆಗೆ ಸುಣ್ಣ ತೊಳ್ದೋತು, ಹಕ್ಕಿ ಎಲ್ಲಾ ವಾಪಸ್ ಬಂದವೆ. ಯಾರ್ಗೂ ಹೇಳಬ್ಯಾಡ್ರಿ" ಎಂದ. ಹೇಳುವುದಿಲ್ಲವೆಂದು ಅವನ ಕೈಮುಟ್ಟಿ ಮಾತು ಕೊಟ್ಟೆ.

ಇಷ್ಟು ದಿನ ಹೇಗೋ ತಡೆದುಕೊಂಡಿದ್ದೆ.